ಹಿತ್ತಾಳೆ ಹಲಗೆಯ ಕುಟುಂಬ

ದೇವಸ್ಥಾನಕ್ಕೆ ಹೋದರೆ ನನ್ನ ಕಣ್ಣು ದೇವರಿಗಿಂತ ಮೊದಲು ಗೋಡೆಗೆ ಹೋಗುತ್ತದೆ. ಬ್ರಹ್ಮಾವರದ ಹೈಸ್ಕೂಲಿನಲ್ಲಿ ಬದುಕಿನ ಅರ್ಧ ಪಾಲು ಪಾಠ ಹೇಳಿದವಳು ನಾನು. ಎಲ್ಲಿ ಅಕ್ಷರ ಕಂಡರೂ ಓದಿ ಮುಗಿಸದೆ ಮುಂದೆ ಕಾಲಿಡಲಾರೆ, ತಪ್ಪಿದ್ದರೆ ಮನಸ್ಸಿನಲ್ಲೇ ಕೆಂಪು ಗೆರೆ ಎಳೆಯದೆ ಇರಲಾರೆ. ಈಗಂತೂ ಗೋಡೆಗಳಲ್ಲಿ ಓದುವುದಕ್ಕೆ ಬೇಕಾದಷ್ಟಿದೆ. ಗಂಟೆಯ ಮೇಲೆ ಒಂದು ಹೆಸರು, ಗಂಟೆ ತೂಗುವ ತೊಲೆಯ ಮೇಲೆ ಇನ್ನೊಂದು, ಕೈಕಾಲು ತೊಳೆಯುವ ನಲ್ಲಿಯ ನೆತ್ತಿಯ ಮೇಲೆ ಒಂದು ಇಡೀ ಸಂಸಾರ. ದಿವಂಗತರಾದ ಇಂಥವರ ಸ್ಮರಣಾರ್ಥ ಅವರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಂದು ಕಪ್ಪು ಕಲ್ಲಿನಲ್ಲಿ ಚಿನ್ನದ ಬಣ್ಣ. ಓದುತ್ತ ಓದುತ್ತ ಗರ್ಭಗುಡಿಯ ಮುಂದೆ ಬರುವ ಹೊತ್ತಿಗೆ ಮಂಗಳಾರತಿ ಮುಗಿದಿರುತ್ತದೆ. ಗರ್ಭಗುಡಿಯ ಒಳಗೆ ಮಾತ್ರ ಯಾರ ಹೆಸರೂ ಇಲ್ಲ, ದೇವರದೂ ಸೇರಿ.

ಇದು ದೇವಸ್ಥಾನದ ರೋಗ ಮಾತ್ರ ಎಂದುಕೊಳ್ಳಬೇಡಿ. ಹೆದ್ದಾರಿ ಅಗಲ ಮಾಡಲು ಬಂದ ಕಾಲದಲ್ಲಿ ನಮ್ಮ ಬದಿಯ ಒಂದು ಬಸ್ಸು ತಂಗುದಾಣವನ್ನು ಕೆಡವಿದರು. ಅದನ್ನು ಯಾರೋ ಒಬ್ಬ ಸಾಹುಕಾರರು ತಂದೆಯ ನೆನಪಿಗೆ ಕಟ್ಟಿಸಿದ್ದು. ಯಂತ್ರ ಬರುವ ದಿನ ಬೆಳಿಗ್ಗೆಯೇ ಮನೆಯವರೆಲ್ಲ ಒಂದು ಟೆಂಪೋ ಮಾಡಿಕೊಂಡು ಬಂದರು. ತಂಗುದಾಣ ಉಳಿಸಿಕೊಡಿ ಎಂದು ಕೇಳಲು ಬಂದರೇನೋ ಎಂದು ನಾವು ಭಾವಿಸಿದೆವು. ಅವರು ಗೋಡೆಯಿಂದ ಹೆಸರಿನ ಕಲ್ಲನ್ನು ಮಾತ್ರ ಜೋಪಾನವಾಗಿ ಬಿಡಿಸಿ, ಹಳೆಯ ಹಾಸಿಗೆಯಲ್ಲಿ ಸುತ್ತಿ ಕೊಂಡುಹೋದರು. ಅವರ ತಂದೆ ಬಿಸಿಲಿನಿಂದ ಪಾರಾದರು. ಬಸ್ಸು ಕಾಯುವ ನಾವು ಆ ವರ್ಷವಿಡೀ ಕೊಡೆ ಹಿಡಿದು ನಿಂತೆವು.

ಹಿಂದಿನವರಿಗೆ ಹೆಸರಿನ ಆಸೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಸರೂರು, ಬಾರಕೂರಿನ ಕಡೆ ಶಾಸನದ ಕಲ್ಲುಗಳಿಗೆ ಕೊರತೆಯಿಲ್ಲ. ಆದರೆ ಆ ಕಾಲದವರು ಕೊಟ್ಟ ದಾನಕ್ಕೆ ಕಲ್ಲಿನಲ್ಲಿ ಕಾವಲು ಇಡುತ್ತಿದ್ದರು: ಇದನ್ನು ಕೆಡಿಸಿದವನು ಹುಳುವಾಗಿ ಹುಟ್ಟಲಿ ಎಂದು ಕೊನೆಗೊಂದು ಶಾಪ. ಈಗಿನ ಹಲಗೆಗಳಲ್ಲಿ ಶಾಪದ ಜಾಗದಲ್ಲಿ ಹೋಟೆಲಿನ ಹೆಸರು, ಫೋನು ನಂಬರು. ಇನ್ನೂ ಒಂದು ಬಗೆಯವರಿದ್ದರು. ಕೆಲವು ಹಳೆಯ ದೇವಸ್ಥಾನಗಳ ನೆಲದಲ್ಲಿ, ಹೊಸಿಲಿನ ಹತ್ತಿರ, ಅಡ್ಡಬಿದ್ದ ಮನುಷ್ಯನ ಚಿತ್ರ ಕೆತ್ತಿರುತ್ತದೆ. ಭಕ್ತರ ಪಾದದ ಧೂಳು ತನ್ನ ಮೇಲೆ ಬೀಳಲಿ ಎಂದು ಬಯಸಿ ಮಲಗಿದವರು ಅವರು. ಮೂಗು ಸವೆದು, ಮುಖ ಸವೆದು, ಕೊನೆಗೆ ಜೋಡಿಸಿದ ಎರಡು ಕೈ ಮಾತ್ರ ಉಳಿದಿರುತ್ತದೆ. ಈಗ ಅಂಥದ್ದೊಂದನ್ನು ಮಾಡಿಸಿ ಎಂದು ನಮ್ಮ ದಾನಿಗಳಿಗೆ ಹೇಳಿ ನೋಡಿ. ಕಾಲಿನ ಹತ್ತಿರವೇ, ಗೋಡೆಗೆ ಜಾಗವಿಲ್ಲವೇ ಎಂದು ಕೇಳುತ್ತಾರೆ.

ನನ್ನ ತಮಾಷೆಯೆಲ್ಲ ಪರರ ಗೋಡೆಯ ಮೇಲಿರುವಷ್ಟು ಕಾಲ ಸುಖವಾಗಿತ್ತು. ಆಮೇಲೆ ಕರುಣಾಕರ ಮಾವ ಇಂಗ್ಲೆಂಡಿಗೆ ಹೋಗಿ ಬಂದರು.

ಕರುಣಾಕರ ಮಾವ ನನ್ನ ಅಮ್ಮನ ತಮ್ಮ. ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋಗಿ, ಲೋಟ ತೊಳೆದು, ಗಲ್ಲಾದಲ್ಲಿ ಕೂತು, ಕೊನೆಗೆ ಆ ಗಲ್ಲಾವನ್ನೇ ಕೊಂಡುಕೊಂಡವರು. ಒಳ್ಳೆಯ ಮನುಷ್ಯರು; ಒಂದೇ ದೋಷವೆಂದರೆ ಕಂಡದ್ದೆಲ್ಲ ನಮ್ಮಲ್ಲೂ ಇರಬೇಕು ಎನ್ನುವುದು. ಹೋಟೆಲಿನವರೆಲ್ಲ ಸೇರಿ ಪ್ರವಾಸ ಹೋದಾಗ ಯಾವುದೋ ಹಳ್ಳಿಯ ಚರ್ಚಿನಲ್ಲಿ ಅವರಿಗೆ ನೆಲದಲ್ಲಿ ಹುದುಗಿಸಿದ ಒಂದು ಹಿತ್ತಾಳೆ ತಗಡು ಕಾಣಿಸಿತಂತೆ. ಅದರಲ್ಲಿ ನಿಲುವಂಗಿ ತೊಟ್ಟ ಒಬ್ಬ ಉಣ್ಣೆ ವ್ಯಾಪಾರಿ, ಕೈ ಮುಗಿದ ಅವನ ಹೆಂಡತಿ, ಅಪ್ಪನ ಕೆಳಗೆ ಸಾಲಾಗಿ ಗಂಡುಮಕ್ಕಳು, ಅಮ್ಮನ ಕೆಳಗೆ ಸಾಲಾಗಿ ಹೆಣ್ಣುಮಕ್ಕಳು, ಎತ್ತರದ ಪ್ರಕಾರ. ವ್ಯಾಪಾರಿಯ ಕಾಲಡಿಯಲ್ಲಿ ಒಂದು ಕುರಿ. ಕಾಗದ ಹಾಸಿ ಕಪ್ಪು ಮೇಣದಿಂದ ಉಜ್ಜಿ ತೆಗೆದ ಅದರ ಅಚ್ಚನ್ನು ಮಾವ ಅಲ್ಲೇ ಕೊಂಡು ತಂದು, ಕಟ್ಟು ಹಾಕಿಸಿ, ಹೋಟೆಲಿನಲ್ಲಿ ತೂಗು ಹಾಕಿದರು. ಇಡ್ಲಿ ತಿನ್ನಲು ಬಂದವರು ಅದು ಯಾವ ದೇವರು ಎಂದು ಕೇಳುತ್ತಿದ್ದರಂತೆ.

ನಾನು ಸುಮ್ಮನಿರಬಹುದಿತ್ತು. ಟೀಚರಮ್ಮನ ಚಟ, ಗ್ರಂಥಾಲಯದಲ್ಲಿ ದಪ್ಪ ಪುಸ್ತಕ ತೆಗೆದು ಓದಿದೆ. ಆ ತಗಡಿನ ಮುಖಗಳು ಬಹುಪಾಲು ಆಯಾ ಮನುಷ್ಯರ ಮುಖಗಳೇ ಅಲ್ಲವಂತೆ. ಕೆತ್ತುವ ಅಂಗಡಿಯಲ್ಲಿ ಮಾದರಿಗಳು ಸಿದ್ಧವಿರುತ್ತಿದ್ದವು: ಯೋಧನಾದರೆ ಇದು, ವ್ಯಾಪಾರಿಯಾದರೆ ಅದು. ಕೆಲವೊಮ್ಮೆ ಯಾರದೋ ಹಳೆಯ ತಗಡನ್ನು ಕಿತ್ತು, ಮಗುಚಿ, ಹಿಂಬದಿಯಲ್ಲಿ ಇನ್ನೊಬ್ಬ ಸತ್ತವನನ್ನು ಕೆತ್ತಿದ್ದೂ ಉಂಟಂತೆ. ಶಾಶ್ವತವಾಗಲೆಂದು ಹಣ ಸುರಿದವನು ಬೇರೊಬ್ಬನ ಬೆನ್ನಿಗೆ ಅಂಟಿಕೊಂಡು ನೆಲದೊಳಗೆ ಮಲಗಿದ್ದಾನೆ. ಇದನ್ನು ನಾನು ಮಾವನಿಗೆ ಫೋನಿನಲ್ಲಿ ಬಹಳ ಉತ್ಸಾಹದಿಂದ ಹೇಳಿದೆ. ಅವರಿಗೆ ಕೇಳಿಸಿದ್ದು ಹಿತ್ತಾಳೆ ನೂರಾರು ವರ್ಷ ಬಾಳುತ್ತದೆ ಎನ್ನುವುದು ಮಾತ್ರ.

ಆಗ ಬೀಜಾಡಿಯಲ್ಲಿ ಅಮ್ಮ, ಮಾವ ಹುಟ್ಟಿದ ನಮ್ಮ ಮನೆಯಲ್ಲಿ, ಮನೆ ಕಾಯುವ ದೈವದ ಚಾವಡಿಯನ್ನು ಹೊಸದಾಗಿ ಕಟ್ಟಿಸುತ್ತಿದ್ದರು. ಖರ್ಚು ಪೂರ್ತಿ ಮಾವನದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲಸ ಮುಗಿದು ದೈವಕ್ಕೆ ಸೇವೆ ಕೊಡುವ ದಿನ ಮುಂಬಯಿಯಿಂದ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಬಾಗಿಲಿನ ಅಗಲದ ಹಿತ್ತಾಳೆ ಹಲಗೆ. ಮೇಲುಗಡೆ ದೊಡ್ಡಕ್ಷರದಲ್ಲಿ ‘ಈ ಮನೆಯ ಕುಟುಂಬಸ್ಥರು’ ಎಂದು ಬರೆದಿತ್ತು. ಕೆಳಗೆ ಅಜ್ಜಯ್ಯ, ಅಜ್ಜಿ. ಅವರ ಕೆಳಗೆ ಮಾವ ಮತ್ತು ಅವರ ಇಬ್ಬರು ತಮ್ಮಂದಿರು ಕೋಟು ತೊಟ್ಟು. ಪಕ್ಕದಲ್ಲಿ ಅವರವರ ಹೆಂಡತಿಯರು. ಕೆಳಸಾಲಿನಲ್ಲಿ ಮೊಮ್ಮಕ್ಕಳು, ಎತ್ತರದ ಪ್ರಕಾರ. ಪ್ರತಿ ಚಿತ್ರದ ಕೆಳಗೂ ಹೆಸರು.

ಮುಂಬಯಿಯ ಕೆತ್ತುವವನಿಗೆ ಗೊತ್ತಿದ್ದ ಮೀಸೆ ಒಂದೇ. ಬದುಕಿರುವಷ್ಟು ಕಾಲವೂ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ದವಡೆಯಲ್ಲಿ ಎಲೆಯಡಿಕೆ ಒತ್ತಿಕೊಂಡಿದ್ದ ನಮ್ಮ ಅಜ್ಜಯ್ಯ ಕೋಟೆ ಗೆದ್ದು ಬಂದ ಮರಾಠಾ ಸರದಾರರಾಗಿದ್ದರು. ಇಂಗ್ಲಿಷಿನವನ ಕಾಲಡಿಯ ಕುರಿಗೆ ಬದಲು ಒಂದು ಸಿಂಹ. ಕಂಬಳದ ಕೋಣ ಹಾಕಿಸಿದ್ದರೆ ಒಂದು ಅರ್ಥವಿತ್ತು. ಪಕ್ಕದ ಮನೆಯ ನಾಯಿ ಬೊಗಳಿದರೆ ಗದ್ದೆಯಂಚಿನಲ್ಲೇ ನಿಂತು ಆಳನ್ನು ಕರೆಯುತ್ತಿದ್ದ ಮನುಷ್ಯರ ಕಾಲ ಬುಡದಲ್ಲಿ ಸಿಂಹ ಬಾಯಿ ತೆರೆದು ಮಲಗಿತ್ತು.

ನಾನು ಮೊದಲು ಹುಡುಕಿದ್ದು ನನ್ನ ಹೆಸರನ್ನು. ಇದನ್ನು ಹೇಳದೆ ಹೋದರೆ ಇಷ್ಟು ಹೊತ್ತು ಬೇರೆಯವರನ್ನು ಆಡಿಕೊಂಡದ್ದಕ್ಕೆ ಬೆಲೆಯಿಲ್ಲ. ನನ್ನ ಹೆಸರು ಇರಲಿಲ್ಲ. ಅಮ್ಮನ ಹೆಸರೂ ಇರಲಿಲ್ಲ. ದೊಡ್ಡಮ್ಮನ ಹೆಸರೂ ಇರಲಿಲ್ಲ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಆ ಮನೆಯ ಹಿರಿಯಳು, ಆ ಮನೆಯಲ್ಲೇ ಇದ್ದುಕೊಂಡು ಸಂಕ್ರಮಣ ತಪ್ಪದಂತೆ ದೈವಕ್ಕೆ ದೀಪ ಇಡುತ್ತ ಬಂದವಳು. ಆ ಇಂಗ್ಲಿಷ್ ವ್ಯಾಪಾರಿಯಾದರೂ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದ. ನಮ್ಮ ಮಾವ ಅಲ್ಲಿಂದ ಎಲ್ಲವನ್ನೂ ತಂದು, ಆ ಒಂದು ಸಾಲನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಹೋದವರಲ್ಲವಾ ಎಂದು ಅವರ ಸಮಜಾಯಿಷಿ.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಇದರ ನಗೆಪಾಟಲು ಪೂರ್ತಿ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಮನೆ ಎನ್ನುವುದು ಇಳಿದು ಬರುವುದು ತಾಯಿಯ ಕಡೆಯಿಂದ. ತಾಯಿ ಯಾವ ಮನೆಯವಳೋ ಮಕ್ಕಳು ಆ ಮನೆಯವರು. ಅಪ್ಪ ಎಷ್ಟೇ ದೊಡ್ಡವರಾದರೂ ಅವರ ಮನೆ ಬೇರೆ, ಅವರ ದೈವ ಬೇರೆ, ಅವರ ಮೂಲನಾಗ ಇರುವ ಬನವೂ ಬೇರೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಅಪ್ಪನ ಆಸ್ತಿ ಮಕ್ಕಳಿಗೆ ಬರುತ್ತದೆ, ಅದು ಸರಿಯೇ. ಆದರೆ ದೈವಕ್ಕೂ ನಾಗನಿಗೂ ಆ ಸುದ್ದಿಯನ್ನು ಯಾರೂ ಮುಟ್ಟಿಸಿಲ್ಲ. ಅವರ ಮುಂದೆ ನಿಲ್ಲುವಾಗ ನಾವು ಇನ್ನೂ ಅಮ್ಮಂದಿರ ಮಕ್ಕಳು. ಹೀಗಿರುವಾಗ ಆ ಹಲಗೆಯಲ್ಲಿ ‘ಈ ಮನೆಯವರು’ ಎಂದು ನಿಂತ ಜನರಲ್ಲಿ ಮುಕ್ಕಾಲು ಪಾಲು ಈ ಮನೆಯವರೇ ಅಲ್ಲ. ಈ ಮನೆಯವರು ಮುಕ್ಕಾಲು ಪಾಲು ಆ ಹಲಗೆಯಲ್ಲೇ ಇಲ್ಲ. ಇಂಥ ತಪ್ಪು ಮಾಡಬೇಕಾದರೆ ಮನುಷ್ಯ ನಮ್ಮಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದಿರಬೇಕು.

ನಕ್ಕು ಬಿಡಬಹುದಿತ್ತು. ಆದರೆ ಹಲಗೆಯನ್ನು ಗೋಡೆಗೆ ಕೂರಿಸಿದ ಮೇಲೆ ಮಾವ ಬಂದ ನೆಂಟರ ಮುಂದೆ ಕೈ ಮುಗಿದು ಒಂದು ಮಾತು ಹೇಳಿದರು: ಅಕ್ಕನ ಕಾಲದ ನಂತರ ಚಾವಡಿಯ ಬೀಗದ ಕೈ ತನ್ನ ಮಗನದು, ದೈವದ ದೀಪ ಇಡುವವನೂ ಅವನೇ. ಎಲ್ಲರೂ ತಲೆಯಾಡಿಸಿದರು, ಖರ್ಚು ಮಾಡಿದವರ ಮಾತಿಗೆ ನಮ್ಮವರ ತಲೆ ತಾನಾಗಿ ಆಡುತ್ತದೆ. ನಾನು ದೊಡ್ಡಮ್ಮನ ಮಗಳು ಶಾರದೆಯ ಕಡೆ ನೋಡಿದೆ. ದೊಡ್ಡಮ್ಮನ ನಂತರ ಆ ದೀಪ ಅವಳದು, ಅವಳ ನಂತರ ಅವಳ ಮಗಳದು. ಅವಳು ಕೈಯಲ್ಲಿದ್ದ ಎಣ್ಣೆಯ ಗಿಂಡಿಯನ್ನು ಕೆಳಗಿಟ್ಟು ಒಳಗೆ ಹೋದಳು. ಗಾರೆಯ ಗೋಡೆಯ ಮೇಲಿನ ಬರಹವಾದರೆ ಸುಣ್ಣ ಬಳಿದು ಅಳಿಸಬಹುದು. ಹಿತ್ತಾಳೆ ಹಾಗಲ್ಲ. ಮೂವತ್ತು ವರ್ಷ ಕಳೆದು, ನಾವೆಲ್ಲ ಹೋದ ಮೇಲೆ, ಶಾರದೆಯ ಮಗಳು ಹೊಸಿಲು ದಾಟಲು ಬಂದರೆ ನೀನು ಯಾರು, ಹಲಗೆಯಲ್ಲಿ ನಿನ್ನ ಹೆಸರೆಲ್ಲಿ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ.

ದೊಡ್ಡಮ್ಮ ಕನ್ನಡಕ ತರಿಸಿ, ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಸಿಂಹವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇದೆಂತ ಬೆಕ್ಕಾ ಎಂದು ಕೇಳಿದಳು. ನಾನು ಅಂದಿನಿಂದ ಕುಂದಾಪುರದಲ್ಲಿ ಸಿಕ್ಕಸಿಕ್ಕ ನೆಂಟರ ಹತ್ತಿರವೆಲ್ಲ ಹಲಗೆಯ ವಿಷಯ ಎತ್ತಿ ಕೂಗಾಡಿದೆ. ಮಾವನಿಗೆ ಫೋನು ಮಾಡಿ ಅಳಿಯಸಂತಾನದ ಮೇಲೆ ಒಂದು ಗಂಟೆಯ ಪಾಠವನ್ನೂ ಮಾಡಿದೆ. ಹೋಟೆಲಿನಲ್ಲಿ ಗಿರಾಕಿಗಳ ಗಡಿಬಿಡಿ ಎಂದು ಅವರು ಇಟ್ಟುಬಿಟ್ಟರು. ದೊಡ್ಡಮ್ಮ ಮಾತ್ರ ಎಂದಿನಂತೆ ಇದ್ದಳು. ಇವಳಿಗೆ ಸಿಟ್ಟೂ ಬರುವುದಿಲ್ಲವೇ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು.

ಮಳೆಗಾಲ ಕಳೆಯಿತು. ಬೀಜಾಡಿಯ ಗಾಳಿ ನಿಮಗೆ ಗೊತ್ತಲ್ಲ. ಕಡಲು ಅಲ್ಲೇ ತೋಟದ ಆಚೆ. ಕಿಟಕಿಯ ಸರಳು ಒಂದೇ ಮಳೆಗಾಲದಲ್ಲಿ ಉದುರುತ್ತದೆ, ಹಿತ್ತಾಳೆಯನ್ನು ಒಂದು ವಾರ ಮುಟ್ಟದಿದ್ದರೆ ಕಪ್ಪಾಗುತ್ತದೆ, ಒಂದು ತಿಂಗಳು ಬಿಟ್ಟರೆ ಕಿಲುಬು. ಇಂಗ್ಲೆಂಡಿನ ಹಿತ್ತಾಳೆಗೆ ಅಲ್ಲಿಯ ಚಳಿ ಏನು ಮಾಡುತ್ತದೋ ನನಗೆ ತಿಳಿಯದು. ನಮ್ಮಲ್ಲಿ ಹಿತ್ತಾಳೆ ಎಂದರೆ ಹುಣಸೆಹುಳಿ, ಬೂದಿ, ತೆಂಗಿನ ನಾರು ಮತ್ತು ಒಬ್ಬ ಹೆಂಗಸಿನ ತೋಳು. ಈ ಕೊನೆಯದನ್ನು ಮಾವ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮರುವರ್ಷದ ಸೇವೆಗೆ ಅವರು ಹೆಂಡತಿ, ಮಕ್ಕಳನ್ನು ಮಾತ್ರವಲ್ಲ, ಮುಂಬಯಿಯ ನಾಲ್ಕಾರು ಹೋಟೆಲಿನ ಗೆಳೆಯರನ್ನೂ ಕರೆದುಕೊಂಡು ಬಂದರು. ಕಾರಿನಿಂದ ಇಳಿದವರು ಸೀದಾ ಹಲಗೆ ತೋರಿಸಲು ಚಾವಡಿಗೆ ಕರೆತಂದರು. ನಾನು ಹಿಂದಿನ ದಿನವೇ ಹೋಗಿ ಕೂತಿದ್ದೆ, ಈ ಮುಖ ನೋಡಬೇಕೆಂದೇ. ಚಾವಡಿಯಲ್ಲಿ ಕಾಲುದೀಪ ಬೆಳಗುತ್ತಿತ್ತು, ತೂಗುದೀಪ ಬೆಳಗುತ್ತಿತ್ತು, ಗಂಟೆ, ಹರಿವಾಣ, ಗಿಂಡಿ ಎಲ್ಲವೂ ಬಂಗಾರದಂತಿದ್ದವು. ನಡುವೆ ಹಲಗೆಯೊಂದು ಮಾತ್ರ ಪಾಚಿ ಹಿಡಿದ ಬಾವಿಕಟ್ಟೆಯ ಹಾಗಿತ್ತು. ಅಜ್ಜಯ್ಯನ ಮೀಸೆ ಹಸಿರಾಗಿತ್ತು. ಕೆಳಸಾಲಿನ ಮೊಮ್ಮಕ್ಕಳು ಪೂರಾ ಮಾಯವಾಗಿದ್ದರು. ಗೆಳೆಯರಲ್ಲಿ ಒಬ್ಬರು ಸಭ್ಯತೆಗೆ, ಬಹಳ ಹಳೆಯದಿರಬೇಕು, ಎಷ್ಟು ತಲೆಮಾರಿನದು ಎಂದು ಕೇಳಿದರು.

ಮಾವನ ಕಿವಿ ಕೆಂಪಾಯಿತು. ಎಲ್ಲರ ಮುಂದೆ ಶಾರದೆಯನ್ನು ಕರೆದು, ಇಷ್ಟೆಲ್ಲ ತಿಕ್ಕುವವಳಿಗೆ ಇದೊಂದು ಕಾಣಲಿಲ್ಲವಾ ಎಂದು ಗದರಿದರು. ಶಾರದೆ ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ದೊಡ್ಡಮ್ಮ, ತಲೆ ಎತ್ತದೆ ಹೇಳಿದಳು:

“ಅವ್ಳಿಗ್ ನಾನೇ ಮುಟ್ಟುದ್ ಬ್ಯಾಡ ಅಂದದ್. ಅದ್ರಗೆ ಯಾರ್ ಹೆಸ್ರ್ ಇತ್ತೋ, ಅವ್ರೇ ಬಂದ್ ತಿಕ್ಲಿ.”

ಅದರಲ್ಲಿ ಕೂಗಾಟವಿರಲಿಲ್ಲ, ಚುಚ್ಚುವ ಧಾಟಿಯೂ ಇರಲಿಲ್ಲ. ಗಂಜಿಗೆ ಅಕ್ಕಿ ಹಾಕು ಎಂದಷ್ಟೇ ಸಹಜವಾಗಿ ಹೇಳಿ, ನಾರು ಹುಣಸೆಹುಳಿ ಇದ್ದ ಬಟ್ಟಲನ್ನು ತಮ್ಮನ ಕಡೆ ಸರಿಸಿದಳು. ಗೆಳೆಯರೆಲ್ಲ ನೋಡುತ್ತಿದ್ದರು. ಮಾವ ಹಟದ ಮನುಷ್ಯರು. ಶಾಲು ತೆಗೆದು ಹೆಂಡತಿಯ ಕೈಗೆ ಕೊಟ್ಟು, ಜರಿಯಂಚಿನ ಪಂಚೆಯನ್ನು ಮೇಲೆ ಕಟ್ಟಿ, ತಿಕ್ಕಲು ನಿಂತೇಬಿಟ್ಟರು. ಲೋಟ ತೊಳೆದ ಕೈ, ಅಭ್ಯಾಸ ಪೂರ್ತಿ ಮರೆತಿರಲಿಲ್ಲ. ಮೊದಲು ಅಜ್ಜಯ್ಯ ಹೊರಬಂದರು.

ಅವರು ಯಾವ ಮನೆಯವರು ಎಂದು ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದಳು. ಇದೇನು ಪ್ರಶ್ನೆ, ಅಪ್ಪಯ್ಯ ಬೈಂದೂರಿನ ಬದಿಯ ಮನೆಯವರು ಎಂದರು ಮಾವ. ಆಮೇಲೆ ಅಜ್ಜಿ ಹೊರಬಂದರು. ಅವರು ಈ ಮನೆಯವರೇ, ಅದನ್ನು ಯಾರೂ ಕೇಳಬೇಕಾಗಿರಲಿಲ್ಲ. ಆಮೇಲೆ ಮಾವನ ಹೆಂಡತಿ. ಅವರದು ಬಾರಕೂರಿನ ಹತ್ತಿರದ ಮನೆ. ತಮ್ಮಂದಿರ ಹೆಂಡತಿಯರದು ಬೇರೆ ಬೇರೆ ಮನೆ, ಬೇರೆ ಬೇರೆ ದೈವ. ಪ್ರತಿಯೊಂದು ಹೆಸರು ಬೆಳಗಿದ ಹಾಗೆ ದೊಡ್ಡಮ್ಮ ಅದೇ ಪ್ರಶ್ನೆ ಕೇಳಿದಳು, ಮಾವ ಉತ್ತರ ಹೇಳಿದರು. ಮೊದಮೊದಲು ಸಿಡಿಮಿಡಿಯಿಂದ, ಆಮೇಲೆ ಮೆಲ್ಲಗೆ. ಕೆಳಸಾಲಿಗೆ ಬಂದಾಗ ಅವರ ಕೈ ನಿಧಾನವಾಯಿತು. ತನ್ನ ಮಕ್ಕಳು ಯಾರ ಮನೆಯವರು ಎನ್ನುವುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮಗಳು ನಿಶಾಳ ಜಾತಕ ಬರೆಸುವಾಗ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರಾದ ‘ಬಳಿ’ಯ ಜಾಗದಲ್ಲಿ ಹೆಂಡತಿಯ ಮನೆಯದನ್ನೇ ಬರೆಸಿದವರು.

“ಹಾಂಗಾರೆ ಇದ್ರಗೆ ಈ ಮನೆಯೋರ್ ಅಂದೇಳಿ ಉಳ್ದದ್ ಯಾರ್, ಕರ್ಣಾಕರ?”

“ಅಮ್ಮ. ನಾನ್. ತಮ್ಮಂದಿರ್.”

“ಅಮ್ಮ ಹೋದ್ಲ್. ನೀವ್ ಮೂರ್ ಜನ ಹೋದ್ಮೇಲೆ?”

ಮಾವ ನಾರನ್ನು ಬಟ್ಟಲಿಗೆ ಹಾಕಿ, ಹಸಿರು ಬಳಿದುಕೊಂಡ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ತಾನೇ ಕೆತ್ತಿಸಿದ್ದನ್ನು ಮೊದಲ ಸಲ ಓದುವವರಂತೆ ನೋಡುತ್ತ ನಿಂತರು. ಅಷ್ಟೆಲ್ಲ ಹಣ ಸುರಿದು ಅವರು ಮಾಡಿಸಿದ್ದು ಈ ಮನೆ ತಮ್ಮೊಂದಿಗೇ ಮುಗಿಯುತ್ತದೆ ಎನ್ನುವ ಘೋಷಣೆಯನ್ನು. ನಾನು ಒಂದು ವರ್ಷದಿಂದ ಕಾದಿದ್ದ ಮುಖ ಅದು. ಆದರೆ ನೋಡಿದಾಗ ನನಗೆ ಅಂದುಕೊಂಡಷ್ಟು ಖುಷಿಯಾಗಲಿಲ್ಲ. ಅರವತ್ತು ದಾಟಿದ ಮನುಷ್ಯರು, ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತಾಗ ಥೇಟು ತೀರಿಹೋದ ನನ್ನ ಅಮ್ಮನ ಹಾಗೆ ಕಂಡರು.

ಮೇಸ್ತ್ರಿಯನ್ನು ಕರೆಸುವುದಕ್ಕೂ ಕಾಯದೆ ಮಾವ ತಾವೇ ತಿರುಪುಗಳನ್ನು ಬಿಚ್ಚಿದರು. ಆ ಹಲಗೆ ಈಗ ಮುಂಬಯಿಯ ಹೋಟೆಲಿನಲ್ಲಿ ಗಲ್ಲಾದ ಹಿಂದಿನ ಗೋಡೆಯಲ್ಲಿದೆ. ಮೇಲಿದ್ದ ‘ಈ ಮನೆಯ ಕುಟುಂಬಸ್ಥರು’ ಎನ್ನುವ ಸಾಲನ್ನು ಅರದಿಂದ ಉಜ್ಜಿಸಿ ತೆಗೆದಿದ್ದಾರಂತೆ. ಹೋಟೆಲು ಅಪ್ಪನಿಂದ ಮಗನಿಗೆ ಹೋಗುವಂಥದ್ದು. ಅಲ್ಲಿ ಅದು ಸರಿಯಾಗಿಯೇ ಇದೆ. ಸಿಂಹವೂ ಅಲ್ಲಿ ಯಾರನ್ನೂ ನಗಿಸುವುದಿಲ್ಲವೆಂದು ಕೇಳಿದ್ದೇನೆ.

ಆ ದಿನ ಸೇವೆಗೆ ಹೊತ್ತಾಗಿತ್ತು. ದೊಡ್ಡಮ್ಮ ಹೊಸೆದ ಬತ್ತಿಯನ್ನು ಶಾರದೆಯ ಕೈಯಲ್ಲಿಟ್ಟು, ದೀಪ ನೀನೇ ಇಡು ಎಂದಳು. ಮಾವ ಸೊಂಟದಿಂದ ಚಾವಡಿಯ ಹೊಸ ಬೀಗದ ಕೈ ತೆಗೆದು ದೀಪದ ಬುಡದಲ್ಲಿ ಇಟ್ಟರು. ಅದಾದ ಮೇಲೆ ಒಳಗೆ ಬಾಳೆಲೆ ಹಾಕಿದರು. ಪದ್ಧತಿಯಂತೆ ಮೊದಲ ಪಂಕ್ತಿ ಮನೆಯವರದು. ಶಾರದೆ, ಅವಳ ಮಗಳು, ನಾನು, ಮಾವ, ಅವರ ತಮ್ಮಂದಿರು ಕೂತೆವು. ನನಗಂತೂ ಪಾಠ ಗೆದ್ದ ಟೀಚರಮ್ಮನ ಬಿಂಕ. ಕಾಲು ಚಾಚಿ, ಎಲೆಯ ಮುಂದೆ ಯಜಮಾನಿಯ ಹಾಗೆ ಕೂತಿದ್ದೆ.

ಆಗ ಬಾಗಿಲ ಹತ್ತಿರ ನಿಶಾ ನಿಂತಿದ್ದು ಕಾಣಿಸಿತು. ತಮ್ಮ ಮನೆಯೆಂದು ಅಷ್ಟು ದೂರದಿಂದ ಬಂದ ಹುಡುಗಿ. ಹಲಗೆಯ ಮುಂದೆ ನಡೆದ ಪ್ರಶ್ನೋತ್ತರ ಪೂರ್ತಿ ಅವಳ ಕಿವಿಗೆ ಬಿದ್ದಿತ್ತು. ಒಳಗೆ ಬರಲೋ ಹೊರಗಿನ ನೆಂಟರ ಜೊತೆ ಕೂರಲೋ ತಿಳಿಯದೆ ಹೊಸಿಲಿನ ಆಚೆಯೇ ಉಳಿದಿದ್ದಳು. ನನ್ನ ನ್ಯಾಯವೆಲ್ಲ ಕೊನೆಗೆ ಯಾರನ್ನು ಹೊರಗೆ ನಿಲ್ಲಿಸಿತು ಎಂದು ನನಗೆ ಆಗ ಹೊಳೆಯಿತು.

“ಅತ್ತೆ, ನಾವ್ ಹೊರ್ಗಿನೋರ್ ಅಲ್ದಾ?” ಎಂದು ಕೇಳಿದಳು ನಿಶಾ.

ಬಡಿಸುತ್ತಿದ್ದ ದೊಡ್ಡಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಹೊಸಿಲಿನವರೆಗೆ ನಡೆದು, ಅವಳ ಮುಂಗೈ ಹಿಡಿದಳು.

“ಹಲ್ಗಿ ಮೇಲೆ ಹೆಸ್ರ್ ಬರಿಯೂಕೆ ಹೋರೆ ಮಾತ್ರ ಹೆಣೆ, ಒಳ್ಗಿನೋರ್ ಹೊರ್ಗಿನೋರ್ ಅಂದೇಳಿ ಲೆಕ್ಕ ಬಪ್ಪುದ್. ಉಂಬುಕೆ ಎಂತ ಲೆಕ್ಕ? ಬಾ, ಕೂಕೊ.”

ಕರೆದುಕೊಂಡು ಬಂದು ಅವಳನ್ನು ಕೂರಿಸಿದ್ದು ನನ್ನ ಮತ್ತು ಶಾರದೆಯ ನಡುವೆ. ಜಾಗ ಸಾಕಾಗಲಿಲ್ಲ. ನಾನು ಚಾಚಿದ್ದ ಕಾಲನ್ನು ಮಡಚಿಕೊಂಡೆ.